ಕೊನೆಯ ಕ್ಷಣದ ಸವಾಲು

(ಆಕಾಶವಾಣಿ ಭಾಷಣ)



'ಸವಾಲು' ಎಂಬ ಮಾತು ಕನ್ನಡ ನಾಡಿನ ಎಲ್ಲ ಕಡೆಗಳಲ್ಲಿಯೂ ಒಂದೇ ಅರ್ಥವನ್ನು ಮೊದಲು ತರುವುದಿಲ್ಲ. ಪತ್ರಿಕೆಗಳನ್ನು ಓದುವವರಿಗೆ ಅದು ಪಂಥಾಹ್ವಾನ. ಸವದತ್ತಿ, ಬೈಲಹೊಂಗಲ, ರಾಮದುರ್ಗಗಳ ಕಡೆಯ ಒಕ್ಕಲಿಗನಿಗಾದರೋ ಅದು ಲಿಲಾವು. 'ಗುಡಿಯ ಮುಂದೆ ಕಾಯಿಯ ಸವಾಲು ನಡೆದಿದೆ' ಎಂದು ನಮ್ಮೂರಿನಲ್ಲಿ ಯಾರಾದರೂ ಹೇಳಿದರೆ, ಅಲ್ಲಿ ಯಾರೂ ಯಾರೊಡನೆಯೂ ಜಗಳಕ್ಕೆ ನಿಂತಿರುವುದಿಲ್ಲ. ದೇವರ ಮುಂದಿಟ್ಟ ತೆಂಗಿನಕಾಯಿಯನ್ನು ಹೆಚ್ಚು ಹಣ ಕೊಡುವ ಭಕ್ತನಿಗೆ ಒಪ್ಪಿಸುವ ಕಾರ್ಯ ನಡೆದಿರುತ್ತದೆ.

ಈ ವ್ಯವಹಾರಕ್ಕೆ ಕನ್ನಡದಲ್ಲಿ ಬಳಕೆಯಾಗುವ ಮೂರು ಮಾತುಗಳೂ ಹೊರಗಿನಿಂದ ಬಂದವು. 'ಹರಾಜು' ಅರಬ್ಬಿಯಿಂದ ಹಿಂದುಸ್ತಾನಿಯ ಮೂಲಕ ಬಂದಿತು. 'ಲಿಲಾವು' ಪೋರ್ತುಗೀಜರ ಮಾತು. ಕೊಂಕಣದ ಬಂದರುಗಳಲ್ಲಿ ಇಳಿದು, ಮರಾಠಿಯ ಕೈಹಿಡಿದು ಘಟ್ಟ ಹತ್ತಿತು. ತಮಿಳರ 'ಏಲಂ' ಕೂಡ ಅದರದೇ ಇನ್ನೊಂದು ರೂಪ. ಮೂರನೆಯದಾದ 'ಸವಾಲು' ಮತ್ತೆ ಅರಬ್ಬಿಯದು. ಅದರ ಮೂಲಾರ್ಥ 'ಪ್ರಶ್ನೆ' ಎಂದು. ಮೂರರಲ್ಲಿ ನನಗೆ ಬಹಳ ಅರ್ಥವತ್ತಾಗಿ ತೋರುವುದು ಇದೇ. ಜಾತ್ರೆಯಲ್ಲಿ ಒಬ್ಬನು 'ಐದು ನೂರು' ಎಂದು ಕೂಗಿದಾಗ, ಅವನು ನೆರೆದ ಮಂದಿಗೆಲ್ಲ ಒಂದು ಪ್ರಶ್ನೆಯನ್ನು ಹಾಕಿದಂತಾಗುತ್ತದೆ: 'ಇದಕ್ಕಿಂತ ಹೆಚ್ಚು ಕೊಡುವವರು ಇದ್ದೀರಾ?' ಎಂದು. ಪ್ರಶ್ನೆ ಹಾಕಿದ ಮೇಲೆ ಉತ್ತರಕ್ಕಾಗಿ ಕಾಯಬೇಕಾದದ್ದು ನ್ಯಾಯ. ಸವಾಲಿನ ನೀತಿಯೆಲ್ಲ ಈ ಕಾಯುವಿಕೆಯಲ್ಲಿಯೇ ಅಡಗಿದೆ.

ಇಂದು ನಾನು ಮಾತನಾಡಬೇಕೆಂದಿರುವುದು ಉತ್ತರಕ್ಕೆ ಎಡೆಗೊಡದ ಒಂದು ಬಗೆಯ ಸವಾಲನ್ನು ಕುರಿತು. ಅಂತರ್ಜಾಲದ ಹರಾಜುಗಳಲ್ಲಿ ಅವಧಿ ಮುಗಿಯಲು ಎರಡೋ ಮೂರೋ ಸೆಕೆಂಡುಗಳು ಉಳಿದಿರುವಾಗ, ಅಷ್ಟು ಹೊತ್ತೂ ಮೌನವಾಗಿದ್ದವನೊಬ್ಬ ತಟ್ಟನೆ ತನ್ನ ಬೆಲೆಯನ್ನು ಹಾಕಿ ವಸ್ತುವನ್ನು ಎತ್ತಿಕೊಂಡು ಹೋಗುತ್ತಾನೆ. ಬೇಟೆಗಾರನು ಮರೆಯಲ್ಲಿ ಕುಳಿತು ಗುಂಡು ಹಾರಿಸುವುದಕ್ಕೆ ಇಂಗ್ಲಿಷಿನಲ್ಲಿ ಯಾವ ಮಾತಿದೆಯೋ ಅದನ್ನೇ ಈ ಉಪಾಯಕ್ಕೂ ಇಟ್ಟಿದ್ದಾರೆ, 'ಸ್ನೈಪಿಂಗ್' ಎನ್ನುತ್ತಾರೆ. ಇದು ಸರಿಯೋ ತಪ್ಪೋ, ಇದರಿಂದ ಯಾರಿಗೆ ಲಾಭ, ಯಾರಿಗೆ ಹಾನಿ, ಮತ್ತು ಗಣಕಯಂತ್ರದ ಮೂಲಕವೇ ತನ್ನ ಹತ್ತಿ ಕಡಲೆಗಳನ್ನು ಮಾರುವ ಕಾಲವನ್ನು ಕಂಡಿರುವ ನಮ್ಮ ರೈತನಿಗೆ ಇದರಿಂದ ತಿಳಿಯಬೇಕಾದುದೇನು ಎಂಬುದನ್ನು ವಿಚಾರಿಸೋಣ.

ಮೊದಲು ಜಾತ್ರೆಯ ಸವಾಲಿನ ರೀತಿಯನ್ನು ನೋಡೋಣ. ಎಲ್ಲಮ್ಮನ ಗುಡ್ಡದ ಮಗ್ಗುಲಿಗಿರುವ ಉಗರಗೋಳ ನನ್ನ ಊರು. ಸುತ್ತಲಿನ ಹಳ್ಳಿಗಳ ಜಾತ್ರೆಗಳಲ್ಲಿ ನಾನು ಚಿಕ್ಕಂದಿನಿಂದಲೂ ಸವಾಲುಗಳನ್ನು ಕೇಳುತ್ತ ಬಂದಿದ್ದೇನೆ. ಕಟ್ಟೆಯ ಮೇಲೆ ಊರ ಹಿರಿಯನೊಬ್ಬ ನಿಲ್ಲುತ್ತಾನೆ. ಕಾಯಿಯನ್ನೋ ಸೀರೆಯನ್ನೋ ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿಯುತ್ತಾನೆ. ಬೆಲೆ ನೂರರಿಂದ ಇನ್ನೂರಕ್ಕೆ, ಇನ್ನೂರರಿಂದ ಐದು ನೂರಕ್ಕೆ ಏರುತ್ತದೆ. ಏರಿಕೆ ನಿಂತಿತೆಂದು ತೋರಿದಾಗ ಹಿರಿಯನು 'ಒಂದು ಸಲ' ಎನ್ನುತ್ತಾನೆ. ನಾಲ್ಕೂ ಕಡೆಗೆ ನೋಡುತ್ತಾನೆ. 'ಎರಡು ಸಲ' ಎನ್ನುತ್ತಾನೆ. ಸೋಲಲಿರುವವನ ಮುಖವನ್ನು ವಿಶೇಷವಾಗಿ ನೋಡುತ್ತಾನೆ. ಅಷ್ಟರಲ್ಲಿ ಯಾರಾದರೂ ಹತ್ತು ರೂಪಾಯಿ ಹೆಚ್ಚಿಗೆ ಕೂಗಿದರೆ ಎಣಿಕೆ ಮುರಿದು ಬೀಳುತ್ತದೆ. ಮತ್ತೆ 'ಒಂದು ಸಲ'ದಿಂದ ಆರಂಭವಾಗಬೇಕು.

ಈ ಮೂರರ ಎಣಿಕೆಯನ್ನು ನಾವು ಸಾಮಾನ್ಯವಾಗಿ ಒಂದು ಶಾಸ್ತ್ರವೆಂದು ತಿಳಿದು ಬಿಡುತ್ತೇವೆ. ಅದು ಬಹಳ ಎಚ್ಚರದಿಂದ ಹುಟ್ಟಿದ ನಿಯಮ. ಇಲ್ಲಿ ಸವಾಲು ಮುಗಿಯುವುದು ಗಡಿಯಾರದ ಮುಳ್ಳಿನಿಂದಲ್ಲ, ಜನರ ಮೌನದಿಂದ. ಹೆಚ್ಚು ಕೊಡುವ ಮನಸ್ಸುಳ್ಳವನೊಬ್ಬ ಇರುವ ತನಕ ಅದು ಮುಗಿಯಲಾರದು. ಕೊನೆಯ ಕ್ಷಣದಲ್ಲಿ ಕೂಗಿ ಗೆಲ್ಲುತ್ತೇನೆಂದು ಹೊಂಚು ಹಾಕಿ ಕುಳಿತವನಿಗೆ ಇಲ್ಲಿ ಲಾಭವಿಲ್ಲ. ಅವನು ಕೂಗಿದೊಡನೆಯೇ ಆ ಕ್ಷಣ ಕೊನೆಯ ಕ್ಷಣವಾಗಿ ಉಳಿಯುವುದಿಲ್ಲ.

ಆದುದರಿಂದ ಜಾತ್ರೆಯ ಸವಾಲಿನಲ್ಲಿ ಗೆಲ್ಲಬಯಸುವವನು ಬೇರೆ ದಾರಿಯನ್ನು ಹಿಡಿಯುತ್ತಾನೆ. 2021ರಲ್ಲಿ ಜಮಖಂಡಿ ತಾಲೂಕಿನ ಚಿಕ್ಕಲಕಿ ಗ್ರಾಮದಲ್ಲಿ ಮಾಳಿಂಗರಾಯನ ಸನ್ನಿಧಿಯ ತೆಂಗಿನಕಾಯಿಯೊಂದು 6.5 ಲಕ್ಷ ರೂಪಾಯಿಗೆ ಹೋದ ಸುದ್ದಿಯನ್ನು ತಾವು ಪತ್ರಿಕೆಗಳಲ್ಲಿ ಓದಿರಬಹುದು. ಬೆಲೆ ಮೂರು ಲಕ್ಷಕ್ಕೆ ಬಂದು ನಿಂತಾಗ ಭಕ್ತನೊಬ್ಬ ಒಂದೇ ಮಾತಿನಲ್ಲಿ ಅದನ್ನು ಇಮ್ಮಡಿಗೂ ಮೀರಿಸಿಬಿಟ್ಟನು. ಇದೂ ಎದುರಾಳಿಯ ಬಾಯಿ ಮುಚ್ಚಿಸುವ ಉಪಾಯವೇ. ಆದರೆ ಹಗಲ ಬೆಳಕಿನಲ್ಲಿ, ಎಲ್ಲರ ಎದುರಿಗೆ, ಉತ್ತರ ಹೇಳಲು ಮೂರು ಸಲದ ಅವಕಾಶವನ್ನು ಕೊಟ್ಟು ಮಾಡಿದ ಉಪಾಯ. ದೇವರ ಹೆಸರಿಗೆ ಬರಬೇಕಾದ ಹಣಕ್ಕೂ ಅದರಿಂದ ಕೊರತೆಯಾಗಲಿಲ್ಲ.

ಇನ್ನು ಅಂತರ್ಜಾಲದ ಹರಾಜಿಗೆ ಬರೋಣ. ಅಮೆರಿಕದಲ್ಲಿ ಪಿಯೆರ್ ಒಮಿಡ್ಯಾರ್ ಎಂಬವರು 1995ರಲ್ಲಿ ಆರಂಭಿಸಿದ ಹರಾಜುಕಟ್ಟೆಯೇ ಮುಂದೆ 'ಈಬೇ' ಎಂದು ಹೆಸರಾಯಿತು. ನಮ್ಮ ದೇಶದಲ್ಲಿ 2000ದಲ್ಲಿ 'ಬಾಜೀ' ಎಂಬ ಸಂಸ್ಥೆ ಇಂಥದೇ ಕೆಲಸಕ್ಕೆ ಕೈಹಾಕಿತು. 2004ರಲ್ಲಿ ಈಬೇ ಅದನ್ನು ಕೊಂಡುಕೊಂಡಿತು. ಭಾರತದ ಆ ಶಾಖೆ 2018ರಲ್ಲಿ ಮುಚ್ಚಿತು. ಆದರೆ ಹಳೆಯ ನಾಣ್ಯ, ಅಂಚೆಚೀಟಿ, ಗ್ರಂಥ, ಚಿತ್ರಗಳನ್ನು ಹೀಗೆ ಮಾರುವ ಸಂಸ್ಥೆಗಳು ಇಂದಿಗೂ ಇವೆ. ಈಬೇಯ ಕಟ್ಟೆಯ ಮೇಲೆ ಮೂರು ಸಲ ಕೂಗುವ ಹಿರಿಯನಿರಲಿಲ್ಲ. ಅವನ ಬದಲಿಗೆ ಒಂದು ಗಡಿಯಾರವಿತ್ತು. ಇಂಥ ದಿನ ಇಷ್ಟು ಗಂಟೆ, ಇಷ್ಟು ನಿಮಿಷ, ಇಷ್ಟು ಸೆಕೆಂಡಿಗೆ ಬಾಗಿಲು ಮುಚ್ಚುವುದೆಂದು ಮೊದಲೇ ಗೊತ್ತು ಮಾಡಲಾಗಿತ್ತು; ಆ ಗಳಿಗೆಗೆ ಯಾರ ಬೆಲೆ ಮೇಲಿದೆಯೋ ಅವನದೇ ವಸ್ತು.

ಜಗತ್ತಿನ ನಾಲ್ಕು ಮೂಲೆಗಳಲ್ಲಿ, ಹಗಲು ರಾತ್ರಿಗಳೇ ಬೇರೆಯಾದ ದೇಶಗಳಲ್ಲಿ ಕುಳಿತ ಜನರಿಗೆ ಇನ್ನೊಂದು ಅನುಕೂಲವನ್ನೂ ಅಲ್ಲಿ ಮಾಡಿಕೊಟ್ಟಿದ್ದರು. ಕೊಳ್ಳುವವನು ತಾನು ಕೊಡಬಲ್ಲ ಗರಿಷ್ಠ ಬೆಲೆಯನ್ನು ಯಂತ್ರಕ್ಕೆ ಗುಟ್ಟಾಗಿ ಹೇಳಿಟ್ಟರೆ ಸಾಕು. ಬೇರೆಯವರು ಏರಿಸಿದ ಹಾಗೆಲ್ಲ ಅವನ ಪರವಾಗಿ ಯಂತ್ರವೇ, ಎಷ್ಟು ಬೇಕೋ ಅಷ್ಟೇ, ಒಂದೊಂದು ಮೆಟ್ಟಿಲು ಏರಿಸುತ್ತ ಹೋಗುತ್ತದೆ. ಗೆದ್ದವನು ಕೊಡುವುದು ತನ್ನ ಗರಿಷ್ಠ ಬೆಲೆಯನ್ನಲ್ಲ. ಎರಡನೆಯವನ ಬೆಲೆಗಿಂತ ಒಂದು ಮೆಟ್ಟಿಲು ಹೆಚ್ಚು, ಅಷ್ಟೆ. 1961ರಲ್ಲಿ ವಿಲಿಯಂ ವಿಕ್ರೀ ಎಂಬ ಅರ್ಥಶಾಸ್ತ್ರಜ್ಞರು ಇದರ ತತ್ತ್ವವನ್ನು ಬಹಳ ಚೆನ್ನಾಗಿ ವಿವರಿಸಿದ್ದರು. ಮುಚ್ಚಿದ ಲಕೋಟೆಯಲ್ಲಿ ಬೆಲೆ ಬರೆದು ಕೊಡಿಸಿ, ಗೆದ್ದವನಿಂದ ಎರಡನೆಯವನ ಬೆಲೆಯನ್ನು ಮಾತ್ರ ತೆಗೆದುಕೊಳ್ಳುವುದಾದರೆ, ತನ್ನ ಮನಸ್ಸಿನ ನಿಜವಾದ ಬೆಲೆಯನ್ನೇ ಬರೆಯುವುದು ಪ್ರತಿಯೊಬ್ಬನಿಗೂ ಹಿತ ಎಂದು ಅವರು ತೋರಿಸಿದರು. ಅವರಿಗೆ 1996ರಲ್ಲಿ ನೊಬೆಲ್ ಪಾರಿತೋಷಕವನ್ನು ಘೋಷಿಸಿದರು. ಅದಾದ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು.

ಹಾಗಾದರೆ ಕೊನೆಯ ಕ್ಷಣದ ಬೇಟೆಗಾರನಿಗೆ ಇಲ್ಲಿ ಸ್ಥಳವೆಲ್ಲಿ ಎಂದು ತಾವು ಕೇಳಬಹುದು. ಒಂದು ಕಲ್ಪಿತ ಉದಾಹರಣೆಯಿಂದ ಇದು ಸ್ಪಷ್ಟವಾದೀತು. ಕಿಟೆಲ್ ಮಹಾಶಯರ ಕನ್ನಡ ನಿಘಂಟಿನ, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಮೊದಲ ಮುದ್ರಣದ ಪ್ರತಿಯೊಂದು ಹರಾಜಿಗೆ ಬಂದಿದೆಯೆಂದು ತಿಳಿಯಿರಿ. ಆರಂಭದ ಬೆಲೆ 2,000 ರೂಪಾಯಿ. ಏರಿಕೆಯ ಮೆಟ್ಟಿಲು 100 ರೂಪಾಯಿ. ನರಗುಂದದ ಮಾಸ್ತರರೊಬ್ಬರಿಗೆ ಅದರ ಮೇಲೆ ಬಹಳ ಆಸೆ. 9,000 ರೂಪಾಯಿಯವರೆಗೆ ಕೊಡಲು ಅವರು ಸಿದ್ಧರು. ಇದನ್ನು ಅವರು ಯಂತ್ರಕ್ಕೆ ನೇರವಾಗಿ ಹೇಳಿಟ್ಟು ಮಲಗಿದರೆ, ಮುಂಬಯಿಯ ವ್ಯಾಪಾರಿಯೊಬ್ಬ ಕೊನೆಯ ಸೆಕೆಂಡಿನಲ್ಲಿ 7,000 ಹಾಕಿದರೂ ಅವರಿಗೆ ಏನೂ ಆಗದು. ಯಂತ್ರ ಆ ಕ್ಷಣದಲ್ಲಿಯೇ 7,100ಕ್ಕೆ ಏರಿ ಪುಸ್ತಕವನ್ನು ಮಾಸ್ತರರಿಗೆ ಉಳಿಸಿಕೊಡುತ್ತದೆ.

ಆದರೆ ಮನುಷ್ಯ ಸ್ವಭಾವ ಹಾಗಿರುವುದಿಲ್ಲ. ಇರುವುದನ್ನೆಲ್ಲ ಮೊದಲೇ ಹೇಳಿಬಿಡಲು ನಮ್ಮ ನಾಲಿಗೆ ಏಳದು. 'ಸದ್ಯಕ್ಕೆ 4,000 ಇರಲಿ, ಯಾರಾದರೂ ಏರಿಸಿದರೆ ಆಗ ನೋಡೋಣ' ಎಂದು ಮಾಸ್ತರರು 4,000ವನ್ನೇ ಹೇಳಿಡುತ್ತಾರೆ. ಮುಂಬಯಿಯವನು ಕೊನೆಯ ಸೆಕೆಂಡಿನವರೆಗೆ ಕಾಯ್ದು 7,000 ಹಾಕುತ್ತಾನೆ. ಯಂತ್ರ 4,100ಕ್ಕೆ ಪುಸ್ತಕವನ್ನು ಅವನಿಗೆ ಕೊಟ್ಟು ಬಾಗಿಲು ಮುಚ್ಚುತ್ತದೆ. 'ಆಗ ನೋಡೋಣ' ಎಂದವರಿಗೆ ಆ 'ಆಗ' ಎಂಬುದು ಬರಲೇ ಇಲ್ಲ. ಈ ಲೆಕ್ಕವನ್ನು ನಿಧಾನವಾಗಿ ನೋಡಿದರೆ ಎರಡು ಹಾನಿಗಳು ಕಾಣುತ್ತವೆ. ಪುಸ್ತಕವು ಅದನ್ನು 9,000ಕ್ಕೆ ಬೆಲೆಕಟ್ಟಿದವನನ್ನು ಬಿಟ್ಟು 7,000ಕ್ಕೆ ಬೆಲೆಕಟ್ಟಿದವನ ಪಾಲಾಯಿತು. ಮಾರಿದವನಿಗೆ 7,100 ಬರಬೇಕಾದಲ್ಲಿ 4,100 ಬಂದಿತು. ಸೋತವನ ದುಃಖ ಕಣ್ಣಿಗೆ ಕಾಣುತ್ತದೆ. ಮಾರಿದವನಿಗೆ ತಪ್ಪಿದ 3,000 ರೂಪಾಯಿ ಯಾರ ಕಣ್ಣಿಗೂ ಕಾಣುವುದಿಲ್ಲ. ಹಲವು ವೇಳೆ ಅವನ ಕಣ್ಣಿಗೇ ಕಾಣುವುದಿಲ್ಲ.

ನಮ್ಮೂರಿನ ತರುಣ ಶಿಕ್ಷಕರೊಬ್ಬರಿಗೆ ಹಳೆಯ ನಾಣ್ಯಗಳನ್ನು ಕೂಡಿಸುವ ಹವ್ಯಾಸ. ವಿಜಾಪುರದ ಆದಿಲಶಾಹಿಯ ಕಾಲದ, ಬಾಗಿಸಿದ ಬೆಳ್ಳಿಯ ತಂತಿಯಂತಿರುವ 'ಲಾರಿ' ಎಂಬ ನಾಣ್ಯವೊಂದಕ್ಕೆ ಅವರು ಒಂದು ಹರಾಜಿನಲ್ಲಿ ಆರು ದಿನ ಮುಂದಿದ್ದರು. ಮುಗಿಯುವ ದಿನ ಭಾರತ ಹುಣ್ಣಿವೆ. ಗುಡ್ಡಕ್ಕೆ ಬಂದ ಲಕ್ಷಾವಧಿ ಜನರ ಕೈಯಲ್ಲೆಲ್ಲ ಫೋನು. ನಮ್ಮೂರಿನಲ್ಲಿ ಅಂದು ಒಂದು ಕರೆ ಹೋಗುವುದೂ ಕಷ್ಟ. ಕೊನೆಯ ಗಳಿಗೆಯಲ್ಲಿ ಬೇರೊಬ್ಬರ ಬೆಲೆ ಮೇಲೆ ಬಂದದ್ದು ಅವರಿಗೆ ಕಂಡಿತು. ಇವರ ಉತ್ತರ ಹೊರಟಿತು, ತಲುಪಲಿಲ್ಲ. 'ಹಣದಲ್ಲಿ ಸೋತಿದ್ದರೆ ಬೇಸರವಿರಲಿಲ್ಲ ಸರ್, ಹೊತ್ತಿನಲ್ಲಿ ಸೋತೆ' ಎಂದು ಅವರು ನನ್ನ ಮುಂದೆ ಹೇಳಿಕೊಂಡರು. ಆ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. ಹರಾಜಿನಲ್ಲಿ ಹಣದ ಸ್ಪರ್ಧೆ ನಡೆಯಬೇಕಾದದ್ದು ಸಹಜ. ಅದು ಬೆರಳಿನ ಚುರುಕಿನ ಸ್ಪರ್ಧೆಯಾದಾಗ, ಪಟ್ಟಣದಲ್ಲಿ ವೇಗದ ಸಂಪರ್ಕವುಳ್ಳವನೂ ಹಳ್ಳಿಯಲ್ಲಿ ಕುಳಿತವನೂ ಸಮಾನರಾಗಿ ಉಳಿಯುವುದಿಲ್ಲ. ಮನುಷ್ಯನ ಬೆರಳನ್ನೂ ನೆಚ್ಚದೆ, ಕೊನೆಯ ಸೆಕೆಂಡಿನಲ್ಲಿ ಬೆಲೆ ಹಾಕುವುದಕ್ಕಾಗಿಯೇ ಸಿದ್ಧಪಡಿಸಿದ ತಂತ್ರಾಂಶಗಳೂ ಇವೆ ಎಂದ ಮೇಲೆ ಹೇಳುವುದೇನು?

ಹಾಗೆಂದು ಕೊನೆಯವರೆಗೆ ಕಾಯುವವರನ್ನೆಲ್ಲ ಮೋಸಗಾರರೆಂದು ಕರೆಯುವುದು ಅನ್ಯಾಯವಾದೀತು. ಅವರ ಪಕ್ಷದಲ್ಲಿಯೂ ಹೇಳಬೇಕಾದ ಮಾತುಗಳಿವೆ. ಮೊದಲನೆಯದಾಗಿ, ಬಲ್ಲವನ ಬೆಲೆಯೇ ಒಂದು ಸುಳಿವು. ಹಳೆಯ ವಸ್ತುಗಳ ಮರ್ಮ ತಿಳಿದ ಪಂಡಿತನೊಬ್ಬ ಒಂದು ತಾಳೆಯೋಲೆಯ ಕಟ್ಟಿಗೆ ಬೆಲೆ ಹಾಕಿದನೆಂದರೆ, 'ಇವನು ಹಾಕಬೇಕಾದರೆ ಇದು ಅಸಲು ಇರಲೇಬೇಕು' ಎಂದು ಬೇರೆಯವರು ಬೆನ್ನು ಹತ್ತುತ್ತಾರೆ. ಅವನು ವರ್ಷಗಟ್ಟಲೆ ಕಷ್ಟಪಟ್ಟು ಪಡೆದ ಜ್ಞಾನವನ್ನು ಅವರು ಪುಕ್ಕಟೆಯಾಗಿ ಬಳಸಿದಂತಾಗುತ್ತದೆ. ಅದಕ್ಕಾಗಿ ಅವನು ಮೌನವನ್ನು ಹಿಡಿಯುತ್ತಾನೆ. ಎರಡನೆಯದಾಗಿ, ಹಟಕ್ಕೆ ಬಿದ್ದು ಏರಿಸುತ್ತಲೇ ಹೋಗುವ ಜನರಿರುತ್ತಾರೆ. ಅವರನ್ನು ಕೆಣಕದಿರುವುದೇ ಲೇಸು. ಮೂರನೆಯದಾಗಿ, ಮಾರುವವನೇ ತನ್ನ ಗೆಳೆಯನನ್ನು ಕೊಳ್ಳುವವನಂತೆ ನಿಲ್ಲಿಸಿ ಬೆಲೆಯನ್ನು ಹುಸಿಯಾಗಿ ಏರಿಸುವ ಕಳ್ಳಾಟ ಜಾತ್ರೆಯಲ್ಲಿಯೂ ಉಂಟು, ಅಂತರ್ಜಾಲದಲ್ಲಿಯೂ ಉಂಟು. ಕೊನೆಯ ಕ್ಷಣದಲ್ಲಿ ಬರುವವನು ಆ ಹುಸಿ ಗಿರಾಕಿಗೆ ಸಮಯವನ್ನೇ ಕೊಡುವುದಿಲ್ಲ. ಹೀಗಾಗಿ ಈ ಉಪಾಯವು ಕೆಲವು ವೇಳೆ ಆತ್ಮರಕ್ಷಣೆಯೂ ಹೌದು. ನಿಯಮವನ್ನು ಅವನು ಮುರಿದಿಲ್ಲ. ನಿಯಮವೇ ಅವನಿಗೆ ಬಾಗಿಲು ತೆರೆದಿಟ್ಟಿದೆ.

ನಿಯಮದ್ದೇ ದೋಷವೆಂಬುದನ್ನು ಇಬ್ಬರು ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಆಲ್ವಿನ್ ರಾತ್ ಮತ್ತು ಆಕ್ಸೆಲ್ ಓಕೆನ್‌ಫೆಲ್ಸ್ ಅವರು 2002ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಎರಡು ಹರಾಜುಕಟ್ಟೆಗಳನ್ನು ಹೋಲಿಸಿದರು. ಒಂದು ಈಬೇ, ಅಲ್ಲಿ ಗಡಿಯಾರದ ಮಾತೇ ಕೊನೆಯ ಮಾತು. ಇನ್ನೊಂದು ಅಮೆಜಾನ್ ಸಂಸ್ಥೆ 1999ರಲ್ಲಿ ಆರಂಭಿಸಿದ್ದ ಹರಾಜು; ಅಲ್ಲಿ ಕೊನೆಯ 10 ನಿಮಿಷಗಳಲ್ಲಿ ಯಾರಾದರೂ ಬೆಲೆ ಏರಿಸಿದರೆ ಅವಧಿಯೂ ಮುಂದೆ ಸರಿಯುತ್ತಿತ್ತು. ಎರಡೂ ಕಡೆ ಕೊಳ್ಳುವವರು ಒಂದೇ ತರದ ಜನ, ವಸ್ತುಗಳೂ ಒಂದೇ ತರದವು. ಆದರೂ ಈಬೇಯಲ್ಲಿ ಕೊನೆಯ ಗಳಿಗೆಯ ಬೆಲೆಗಳು ಬಹಳ ಹೆಚ್ಚು. ಅಮೆಜಾನಿನಲ್ಲಿ ಬಹಳ ಕಡಿಮೆ. ಗಣಕಯಂತ್ರಗಳ ಹರಾಜಿಗಿಂತ ಪುರಾತನ ವಸ್ತುಗಳ ಹರಾಜಿನಲ್ಲಿ ತಡವಾಗಿ ಬರುವವರು ಹೆಚ್ಚೆಂಬುದನ್ನೂ ಅವರು ಕಂಡರು. ಬಲ್ಲವರು ಮೌನವಾಗಿರುತ್ತಾರೆ ಎಂದು ನಾನು ಈಗ ಹೇಳಿದುದಕ್ಕೆ ಇದು ಹೊಂದುತ್ತದೆ. ಅನುಭವ ಹೆಚ್ಚಿದಂತೆ ಈಬೇಯಲ್ಲಿ ಜನ ಹೆಚ್ಚು ತಡವಾಗಿ ಬರಲು ಕಲಿಯುತ್ತಿದ್ದರು. ಅಮೆಜಾನಿನಲ್ಲಿ ಅನುಭವಿಗಳು ತಡಮಾಡುವುದನ್ನು ಬಿಡುತ್ತಿದ್ದರು. ಜನರ ನಡತೆಯನ್ನು ಅವರ ಗುಣಕ್ಕಿಂತ ಹೆಚ್ಚಾಗಿ ಕಟ್ಟೆಯ ನಿಯಮವೇ ತಿದ್ದುತ್ತಿತ್ತು ಎಂದಾಯಿತು. ಈ ಇಬ್ಬರಲ್ಲಿ ರಾತ್ ಅವರಿಗೆ 2012ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಇದು ಗಣಕಯಂತ್ರದಿಂದ ಹುಟ್ಟಿದ ಹೊಸ ರೋಗವೆಂದೂ ತಿಳಿಯಬೇಕಾಗಿಲ್ಲ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಮೇಣಬತ್ತಿಯ ಹರಾಜು ಎಂಬ ಪದ್ಧತಿಯಿತ್ತು. ಒಂದು ಅಂಗುಲದ ಮೇಣಬತ್ತಿಯನ್ನು ಹೊತ್ತಿಸಿಡುವರು. ಅದು ನಂದುವ ಹೊತ್ತಿಗೆ ಯಾರ ಕೂಗು ಕೊನೆಯದೋ ಅವನಿಗೇ ವಸ್ತು. ಬತ್ತಿ ಯಾವ ಕ್ಷಣದಲ್ಲಿ ನಂದುವುದೆಂದು ಯಾರೂ ಹೇಳಲಾರರು, ಆದುದರಿಂದ ಹೊಂಚು ಹಾಕುವುದು ಸಾಧ್ಯವಿಲ್ಲವೆಂದು ಅವರ ಎಣಿಕೆ. ನೌಕಾ ಇಲಾಖೆಯ ಅಧಿಕಾರಿಯಾಗಿದ್ದ ಸ್ಯಾಮ್ಯುಅಲ್ ಪೀಪ್ಸ್ ತನ್ನ ಪ್ರಸಿದ್ಧ ದಿನಚರಿಯಲ್ಲಿ 1662ರ ಸಪ್ಟೆಂಬರಿನ ಇಂಥ ಒಂದು ಹರಾಜಿನ ಸಂಗತಿಯನ್ನು ಬರೆದಿಟ್ಟಿದ್ದಾನೆ. ಹಡಗುಗಳು ಮಾರಾಟಕ್ಕಿದ್ದವು. ಒಬ್ಬನು ಮಾತ್ರ ಉಳಿದವರಿಗಿಂತ ಚತುರನಾಗಿ, ಸರಿಯಾಗಿ ಕೊನೆಯ ಗಳಿಗೆಯಲ್ಲಿಯೇ ಕೂಗಿ ಗೆಲ್ಲುತ್ತಿದ್ದನು. ಇದರ ಗುಟ್ಟೇನೆಂದು ಪೀಪ್ಸ್ ವಿಚಾರಿಸಿದನು. ಜ್ವಾಲೆ ನಂದುವ ಮುನ್ನ ಬತ್ತಿಯ ಹೊಗೆ ಕೆಳಗೆ ಇಳಿಯುತ್ತದೆ, ಅದನ್ನು ನೋಡಿಕೊಂಡು ಕೂಗುತ್ತೇನೆ ಎಂದು ಅವನು ತಿಳಿಸಿದನಂತೆ. ಎಲ್ಲರೂ ಬೆಲೆಯನ್ನು ಯೋಚಿಸುತ್ತಿದ್ದಾಗ ಅವನೊಬ್ಬನು ಹೊಗೆಯನ್ನು ನೋಡುತ್ತಿದ್ದನು. ಕೊನೆಯನ್ನು ಹೊರಗಿನ ಯಾವುದೋ ವಸ್ತುವಿಗೆ ಕಟ್ಟಿಹಾಕಿದರೆ, ಅದು ಗಡಿಯಾರವಾಗಲಿ ದೀಪವಾಗಲಿ, ಹೊಗೆಯನ್ನು ನೋಡುವವನೊಬ್ಬ ಎಂದಾದರೂ ಬಂದೇ ಬರುತ್ತಾನೆ.

ಇದಕ್ಕೆ ಪರಿಹಾರಗಳು ಎರಡು. ಒಂದು, ಜಾತ್ರೆಯ ಹಿರಿಯನ ಮೂರು ಸಲದ ಎಣಿಕೆಯನ್ನು ಯಂತ್ರಕ್ಕೂ ಕಲಿಸುವುದು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಮೂಲೆ ನಿವೇಶನಗಳನ್ನು ಗಣಕದ ಮೂಲಕ ಹರಾಜು ಮಾಡಿದಾಗ ಇದನ್ನೇ ಮಾಡಿತು. ಕೊನೆಯ 5 ನಿಮಿಷಗಳೊಳಗೆ ಹೊಸ ಬೆಲೆ ಬಂದರೆ ಮತ್ತೆ 5 ನಿಮಿಷಗಳ ಕಾಲಾವಕಾಶ. ಅದರಲ್ಲಿಯೂ ಯಾರಾದರೂ ಏರಿಸಿದರೆ ಮತ್ತೆ 5 ನಿಮಿಷ. ಅದಕ್ಕೆ 'ಡೆಲ್ಟಾ ಸಮಯ' ಎಂದು ಹೆಸರಿಟ್ಟಿದ್ದಾರೆ. ಹೆಸರು ಗ್ರೀಕರದಾದರೂ ನ್ಯಾಯ ನಮ್ಮ ಜಾತ್ರೆಯದೇ. ಸಾರ್ವಜನಿಕ ಸ್ವತ್ತನ್ನು ಮಾರುವಾಗ ಇದು ಅವಶ್ಯ. ಅಲ್ಲಿ ತಪ್ಪಿಹೋಗುವ ರೂಪಾಯಿ ಊರಿಗೆಲ್ಲ ಸೇರಿದ್ದು.

ಎರಡನೆಯ ಪರಿಹಾರ, ಒಬ್ಬರ ಬೆಲೆ ಇನ್ನೊಬ್ಬರಿಗೆ ಕಾಣದಂತೆ ಮಾಡುವುದು. ಎದುರಾಳಿಯ ಬೆಲೆಯೇ ಕಾಣದಿದ್ದರೆ ಕೊನೆಯ ಸೆಕೆಂಡಿಗೆ ಮೊದಲ ಸೆಕೆಂಡಿಗಿಂತ ಹೆಚ್ಚಿನ ಮಹತ್ತ್ವವಿರುವುದಿಲ್ಲ. ನಮ್ಮ ಕೃಷಿ ಮಾರುಕಟ್ಟೆಗಳು ಹಿಡಿದದ್ದು ಈ ದಾರಿಯನ್ನು. ಇಲ್ಲಿಗೆ ಬಂದಾಗ ವಿಷಯವು ನಾಣ್ಯ ಪುಸ್ತಕಗಳ ಹವ್ಯಾಸವನ್ನು ದಾಟಿ, ಒಕ್ಕಲಿಗನ ವರ್ಷದ ಅನ್ನಕ್ಕೆ ಬಂದು ಮುಟ್ಟುತ್ತದೆ.

ಹಿಂದಿನ ಕಾಲದಲ್ಲಿ ದಲಾಲನೂ ಖರೀದಿದಾರನೂ ವಸ್ತ್ರದ ಮರೆಯಲ್ಲಿ ಕೈಯೊಳಗೆ ಕೈಯಿಟ್ಟು, ಬೆರಳುಗಳನ್ನು ಒತ್ತಿ ಬೆಲೆ ಮಾಡುತ್ತಿದ್ದರು. ದನದ ಸಂತೆಗಳಲ್ಲಿ ಈ ಪದ್ಧತಿಯನ್ನು ನೋಡಿದವರು ನನ್ನ ಕೇಳುಗರಲ್ಲಿ ಅನೇಕರಿರಬಹುದು. ಟವೆಲ್ಲಿನ ಕೆಳಗೆ ಏನು ನಡೆಯಿತೆಂಬುದು ಮಾಲಿನ ಒಡೆಯನಿಗೇ ತಿಳಿಯುತ್ತಿರಲಿಲ್ಲ. ಮಾರುಕಟ್ಟೆಗಳನ್ನು ನಿಯಂತ್ರಿಸುವ ಕಾನೂನುಗಳು ಬಂದದ್ದೇ ಇಂಥ ಕತ್ತಲನ್ನು ತೊಲಗಿಸಲು. ಕರ್ನಾಟಕದ ಕೃಷಿ ಉತ್ಪನ್ನ ಮಾರಾಟ ಕಾಯ್ದೆ 1966ರದು. ಅಲ್ಲಿಂದೀಚೆಗೆ ಬಹಿರಂಗ ಲಿಲಾವು ಮತ್ತು ಚೀಟಿಯಲ್ಲಿ ಬೆಲೆ ಬರೆದುಹಾಕುವ ಟೆಂಡರು ಪದ್ಧತಿಗಳು ಬೈಲಹೊಂಗಲ, ಸವದತ್ತಿಗಳಂಥ ಮಾರುಕಟ್ಟೆಗಳ ಪ್ರಾಂಗಣಗಳಲ್ಲಿ ರೂಢವಾದವು.

2014ರಲ್ಲಿ ಕರ್ನಾಟಕ ಸರಕಾರವು ಎನ್‌ಸಿಡಿಇಎಕ್ಸ್ ಬಳಗದ ಒಂದು ಕಂಪನಿಯೊಡನೆ ಕೂಡಿ, ರಾಜ್ಯದ ಮಾರುಕಟ್ಟೆಗಳನ್ನು ಒಂದೇ ಗಣಕಜಾಲಕ್ಕೆ ಪೋಣಿಸುವ 'ಏಕೀಕೃತ ಮಾರುಕಟ್ಟೆ ವೇದಿಕೆ'ಯನ್ನು ಆರಂಭಿಸಿತು. ಕೇಂದ್ರ ಸರಕಾರ 2016ರ ಏಪ್ರಿಲ್ 14ರಂದು 'ಇ-ನಾಮ್' ಎಂಬ ರಾಷ್ಟ್ರೀಯ ಯೋಜನೆಯನ್ನು ತಂದಾಗ ಕರ್ನಾಟಕದ ಈ ಪ್ರಯೋಗವೇ ಅದಕ್ಕೆ ಮೇಲ್ಪಂಕ್ತಿಯಾಯಿತು. ಅದರ ರೀತಿ ಹೀಗೆ: ರೈತನ ಗಾಡಿ ಪ್ರಾಂಗಣದ ಬಾಗಿಲಿಗೆ ಬಂದೊಡನೆ ಮಾಲಿಗೆ ಒಂದು ಸಂಖ್ಯೆ ಕೊಡುತ್ತಾರೆ. ಖರೀದಿದಾರರು ರಾಶಿಯನ್ನು ನೋಡಿ, ಗೊತ್ತಾದ ಹೊತ್ತಿನೊಳಗೆ ತಮ್ಮ ತಮ್ಮ ಬೆಲೆಯನ್ನು ಗಣಕಕ್ಕೆ ಸೇರಿಸಬೇಕು. ಒಬ್ಬರದು ಒಬ್ಬರಿಗೆ ಕಾಣದು. ಹೊತ್ತು ಮುಗಿದ ಕೆಲವೇ ನಿಮಿಷಗಳಲ್ಲಿ ಯಾವ ರಾಶಿಗೆ ಯಾರ ಬೆಲೆ ಮೇಲೆಂಬುದು ಪ್ರಕಟವಾಗುತ್ತದೆ. ರೈತನ ಫೋನಿಗೂ ಸಂದೇಶ ಬರುತ್ತದೆ. ಆ ಬೆಲೆ ಒಪ್ಪಿಗೆಯಾಗದಿದ್ದರೆ 'ಒಲ್ಲೆ' ಎನ್ನುವ ಹಕ್ಕು ಅವನಿಗಿದೆ. ಮಾಲನ್ನು ಮತ್ತೊಂದು ದಿನದ ಟೆಂಡರಿಗೆ ಇಡಬಹುದು.

ಈ ಏರ್ಪಾಟಿನಲ್ಲಿ ಕೊನೆಯ ಸೆಕೆಂಡಿನ ಬೇಟೆಗಾರನಿಗೆ ಎಡೆಯಿಲ್ಲವೆಂಬುದು ನಿಜ. ಆದರೆ ಗಡಿಯಾರದ ಕಾಟ ಇಷ್ಟರಿಂದಲೇ ತಪ್ಪಿತೆನ್ನಲಾರೆ. ಅದು ಕೊಳ್ಳುವವನ ಹೆಗಲಿನಿಂದ ಇಳಿದು ಮಾರುವವನ ಹೆಗಲಿಗೆ ಏರಿತೆಂದು ನನಗೆ ತೋರುತ್ತದೆ.

ನಮ್ಮೂರಿನ ರೈತನು ಹತ್ತಿಯನ್ನೋ ಕಡಲೆಯನ್ನೋ ಬಾಡಿಗೆಯ ಟ್ರಾಕ್ಟರಿನಲ್ಲಿ ಹೇರಿಕೊಂಡು ಮಾರುಕಟ್ಟೆಗೆ ಹೋಗುತ್ತಾನೆ. ಮಧ್ಯಾಹ್ನದ ಮೇಲೆ ಅವನ ಫೋನಿಗೆ ಬೆಲೆ ಬರುತ್ತದೆ. ಅದು ನಿನ್ನೆಯ ಬೆಲೆಗಿಂತ ಕ್ವಿಂಟಲಿಗೆ ಇಷ್ಟು ಕಡಿಮೆ. ಕಾನೂನಿನ ಪ್ರಕಾರ ಅವನು 'ಒಲ್ಲೆ' ಎನ್ನಬಹುದು. ಆದರೆ ಟ್ರಾಕ್ಟರಿನವನು ತಿರುಗಿ ಹೋಗಲು ಅವಸರ ಪಡಿಸುತ್ತಿದ್ದಾನೆ. ಆಕಾಶದಲ್ಲಿ ಮೋಡವಿದೆ, ರಾಶಿಯ ಮೇಲೆ ಹೊದಿಸಲು ತಾಡಪತ್ರಿಯಿಲ್ಲ. ಬೀಜ ಗೊಬ್ಬರಗಳನ್ನು ಉದ್ರಿ ಕೊಟ್ಟ ದಲಾಲಿ ಅಂಗಡಿಯವನು ಎದುರಿಗೇ ಕುಳಿತಿದ್ದಾನೆ. ಮನೆಯಲ್ಲಿ ಮಗಳ ಮದುವೆಯೋ ಮಗನ ಕಾಲೇಜಿನ ಶುಲ್ಕವೋ ಕಾಯುತ್ತಿದೆ. ಅವನು 'ಹೂಂ' ಎನ್ನುತ್ತಾನೆ. ಎದುರಿನವನ ಬೆಲೆಯೆಂಬ ಪ್ರಶ್ನೆಗೆ ಅವನೂ ಉತ್ತರ ಹೇಳಬೇಕಾಗಿತ್ತು. ನರಗುಂದದ ಮಾಸ್ತರರಂತೆ ಅವನಿಗೂ ಹೊತ್ತು ಸಾಲಲಿಲ್ಲ. ವ್ಯತ್ಯಾಸವಿಷ್ಟೇ: ಮಾಸ್ತರರಿಗೆ ಒಂದು ಪುಸ್ತಕ ತಪ್ಪಿತು, ಇವನಿಗೆ ವರ್ಷದ ದುಡಿಮೆಯ ಒಂದು ಪಾಲು ತಪ್ಪಿತು. ಗಣಕಯಂತ್ರ ಖರೀದಿದಾರರ ನಡುವೆ ನ್ಯಾಯವನ್ನು ತಂದುಕೊಟ್ಟಿರಬಹುದು. ಆದರೆ ಪ್ರಾಂಗಣದಲ್ಲಿ ಕೊಳ್ಳುವವರು ನಾಲ್ಕೇ ಜನರಿದ್ದು, ಆ ನಾಲ್ವರೂ ಬೆಳಗಿನ ಚಹಾದ ಹೊತ್ತಿಗೇ ಮಾತಾಡಿಕೊಂಡಿದ್ದರೆ ಯಾವ ಯಂತ್ರ ತಾನೇ ಏನು ಮಾಡೀತು?

ಆದುದರಿಂದ ರೈತನ ಸವಾಲಿನಲ್ಲಿ ನಾವು ನೋಡಬೇಕಾದದ್ದು, ಅವನಿಗೆ ಕಾಯುವ ಶಕ್ತಿಯಿದೆಯೇ ಎಂಬುದನ್ನು. ಈ ಶಕ್ತಿಯನ್ನು ಕೊಡುವ ಸಾಧನಗಳು ನಮ್ಮಲ್ಲಿ ಇಲ್ಲವೆಂದಲ್ಲ. ಮಾಲನ್ನು ಮಾರುಕಟ್ಟೆಯ ಗೋದಾಮಿನಲ್ಲಿಟ್ಟು ಅದರ ಮೇಲೆ ಸಾಲ ಪಡೆಯುವ ಅಡಮಾನ ಸಾಲದ ಪದ್ಧತಿ ನಮ್ಮ ಮಾರುಕಟ್ಟೆ ಸಮಿತಿಗಳಲ್ಲಿ ಬಹಳ ಹಿಂದಿನಿಂದಲೂ ಬಂದಿದೆ. ಉಗ್ರಾಣಗಳನ್ನು ಕುರಿತ 2007ರ ಕೇಂದ್ರ ಕಾಯ್ದೆಯು, ಉಗ್ರಾಣದ ರಸೀದಿಯನ್ನೇ ಕೈಯಿಂದ ಕೈಗೆ ವರ್ಗಾಯಿಸಬಲ್ಲ ಪತ್ರವನ್ನಾಗಿ ಮಾಡಿತು. ರೈತನು ರಸೀದಿಯನ್ನು ಅಡವಿಟ್ಟು ಮನೆಯ ಗರಜನ್ನು ನೀಗಿಸಿಕೊಂಡರೆ, ಇಂದಿನ ಬೆಲೆಗೆ 'ಒಲ್ಲೆ' ಎನ್ನುವ ಅವನ ಹಕ್ಕಿಗೆ ಜೀವ ಬರುತ್ತದೆ. ಈ ಸೌಕರ್ಯಗಳು ಕಾಗದದಲ್ಲಿರುವುದು ಬೇರೆ, ಹಳ್ಳಿಯ ಸಣ್ಣ ಹಿಡುವಳಿದಾರನಿಗೆ ತಿಳಿದಿರುವುದು ಬೇರೆ, ತಿಳಿದು ದಕ್ಕುವುದು ಇನ್ನೂ ಬೇರೆ. ನಾಲ್ಕು ಚೀಲದ ಒಡೆಯನಿಗೂ ಗೋದಾಮಿನಲ್ಲಿ ಸ್ಥಳ, ಅರ್ಜಿ ತುಂಬಲು ಒಬ್ಬ ಸಹಾಯಕ, ಒಂದೆರಡು ದಿನಗಳಲ್ಲಿ ಕೈಗೆ ಸೇರುವ ಹಣ, ಮಳೆಗೆ ಹೆದರದ ಒಂದು ಕಟ್ಟೆ, ಇಷ್ಟು ದೊರೆತರೆ ಅವನ ಗಡಿಯಾರ ಸ್ವಲ್ಪ ನಿಧಾನವಾಗಿ ನಡೆದೀತು. ಗಣಕಯಂತ್ರವನ್ನು ತರಲು ತೋರಿದ ಉತ್ಸಾಹದ ಅರ್ಧವನ್ನಾದರೂ ಗೋದಾಮನ್ನು ಕಟ್ಟಲು ತೋರಬೇಕೆಂದು ನನ್ನ ಬಿನ್ನಹ.

ಕೊಳ್ಳುವವರಿಗೂ ಒಂದು ಮಾತು. ನಮ್ಮ ತರುಣರು ಅಂತರ್ಜಾಲದ ಹರಾಜುಗಳಲ್ಲಿ ಭಾಗವಹಿಸುವುದು ಹೆಚ್ಚುತ್ತಿದೆ. ಅದನ್ನು ಬೇಡವೆನ್ನುವ ಕಾರಣವಿಲ್ಲ. ಆದರೆ ಗಡಿಯಾರದಿಂದ ಮುಗಿಯುವ ಹರಾಜಿನಲ್ಲಿ, ಕುಳಿತು ಕಾಯುವ ಮುನ್ನ ತನ್ನ ಮನಸ್ಸಿನ ನಿಜವಾದ ಬೆಲೆ ಯಾವುದೆಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ಅಷ್ಟನ್ನೇ ಹೇಳಿ, ಅನಂತರ ಅದನ್ನು ಮರೆಯುವುದು ಲೇಸು. ಹಾಗೆ ಮಾಡಿದವನನ್ನು ಕೊನೆಯ ಕ್ಷಣದ ಬೇಟೆಗಾರನು ಹೆಚ್ಚಿನ ಹಣ ಕೊಟ್ಟು ಮಾತ್ರ ಗೆಲ್ಲಬಹುದು, ಹೊತ್ತಿನಿಂದ ಗೆಲ್ಲಲಾರ. ಹಣದಿಂದ ಗೆದ್ದರೆ ಗೆಲ್ಲಲಿ. ವಸ್ತು ಅವನಿಗೆ ನಮಗಿಂತ ಹೆಚ್ಚು ಬೇಕಾಗಿತ್ತೆಂದು ತಿಳಿದು ಸುಮ್ಮನಾಗಬಹುದು.

ಹರಾಜಿನ ನಿಯಮವನ್ನು ಬರೆಯುವವರು, ಅವರು ದೇವಸ್ಥಾನದ ಪಂಚರಾಗಲಿ, ಸರಕಾರದ ಅಧಿಕಾರಿಗಳಾಗಲಿ, ಯಂತ್ರಕ್ಕೆ ಬುದ್ಧಿ ಕಲಿಸುವ ಎಂಜಿನಿಯರರಾಗಲಿ, ಒಂದು ಮಾತನ್ನು ನೆನಪಿಟ್ಟುಕೊಂಡರೆ ಸಾಕು. ಸವಾಲೆಂದರೆ ಪ್ರಶ್ನೆ. ಕೇಳಿದವನು ಯಾರೇ ಇರಲಿ, ಕೇಳಿಸಿಕೊಂಡವನಿಗೆ ಉತ್ತರ ಹೇಳುವಷ್ಟು ಹೊತ್ತು ಸಿಗಬೇಕು. ಕೊಳ್ಳುವವನಿಗೆ ಅದು 5 ನಿಮಿಷವಾದರೆ ಸಾಕಾದೀತು. ಬೆಳೆದು ತಂದವನಿಗೆ ಒಂದು ತಿಂಗಳಾದರೂ ಬೇಕಾದೀತು.